ಹಣ ಕಟ್ಟಿದರೂ ಡಿಕ್ರಿ ಉಳಿದೀತು

ಮಾನ್ಯ ಸಂಪಾದಕರೇ,

ಸಿಬಿಲ್ ಸ್ಕೋರ್ ಏರಿಸಿಕೊಳ್ಳುವುದು ಹೇಗೆ ಎಂಬ ಸಲಹೆ ಪತ್ರಿಕೆಗಳ ಹಣಕಾಸು ಪುಟಗಳಲ್ಲಿ ಬರುತ್ತಲೇ ಇರುತ್ತದೆ. ಕಂತು ತಪ್ಪಿಸಬೇಡಿ, ಕ್ರೆಡಿಟ್ ಕಾರ್ಡನ್ನು ಮಿತಿಯವರೆಗೂ ಉಜ್ಜಬೇಡಿ, ಪದೇ ಪದೇ ಸಾಲಕ್ಕೆ ಅರ್ಜಿ ಹಾಕಬೇಡಿ. ಇವೆಲ್ಲ ಸಾಲ ಇನ್ನೂ ಕೈಮೀರದವರಿಗೆ ಆಗುವ ಮಾತು. ಸಾಲ ಕೋರ್ಟ್ ಮೆಟ್ಟಿಲೇರಿ, ಹಣ ವಸೂಲಿಗೆ ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟ್ ಆದೇಶ) ಆಗಿ, ಅದು ತೀರದೆ ವರ್ಷಗಟ್ಟಲೆ ಬಿದ್ದಿದ್ದರೆ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಸಿವಿಲ್ ಕೋರ್ಟುಗಳಲ್ಲಿ ಅಮಲ್ಜಾರಿ, ಅಂದರೆ ಡಿಕ್ರಿ ಜಾರಿ ಮಾಡಿಸುವ, ಪ್ರಕರಣಗಳನ್ನು ನಡೆಸುವವರಿಗೆ ಇಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಜನ ಹೇಗೋ ಹೊಂದಿಸಿ ಹಣ ಕಟ್ಟುತ್ತಾರೆ, ಆದರೆ ಕಟ್ಟಿದ್ದನ್ನು ಕೋರ್ಟ್ ದಾಖಲೆಗೆ ಸೇರಿಸುವುದಿಲ್ಲ. ಹೀಗಾಗಿ ತೀರಿದ ಸಾಲಕ್ಕೆ ಮತ್ತೆ ಜಪ್ತಿ ಬರುತ್ತದೆ, ಬ್ಯಾಂಕು ಮತ್ತೆ ಸಾಲ ಕೊಡುವುದಿಲ್ಲ. ಇದನ್ನು ವಿವರವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪ್ರಕಟಿಸಿ.

‘ಮೂರು ವರ್ಷ ಕಳೆದರೆ ಸಾಲ ಸತ್ತುಹೋಗುತ್ತದೆ’ ಎಂಬ ಮಾತು ಹಳ್ಳಿಯಲ್ಲೂ ಇದೆ, ಪಟ್ಟಣದಲ್ಲೂ ಇದೆ. ಕೈಸಾಲವೋ ಪ್ರಾಮಿಸರಿ ನೋಟೋ ಇದ್ದಾಗ ದಾವೆ ಹೂಡಲು ಇರುವ ಅವಧಿ ಮೂರು ವರ್ಷ ಎನ್ನುವುದು ಸರಿ. ಆದರೆ ಡಿಕ್ರಿ ಆದ ಮೇಲೆ ಲೆಕ್ಕವೇ ಬೇರೆ. 1963ರ ಕಾಲಮಿತಿ ಕಾಯ್ದೆಯ 136ನೇ ವಿಧಿಯ ಪ್ರಕಾರ ಡಿಕ್ರಿದಾರ (ಡಿಕ್ರಿ ಪಡೆದವನು) 12 ವರ್ಷಗಳವರೆಗೆ ಅಮಲ್ಜಾರಿ ಅರ್ಜಿ ಹಾಕಬಹುದು. ಒಂದು ಅರ್ಜಿ ವಜಾ ಆದರೆ ಅವಧಿಯೊಳಗೆ ಇನ್ನೊಂದು ಹಾಕಬಹುದು. ಊರು ಬಿಟ್ಟು ಬೇರೆ ಜಿಲ್ಲೆಗೆ ಹೋದರೆ ಡಿಕ್ರಿಯನ್ನು ಆ ಜಿಲ್ಲೆಯ ಕೋರ್ಟಿಗೆ ವರ್ಗಾಯಿಸಿಕೊಳ್ಳಬಹುದು. ಸಾಲಗಾರ ತೀರಿಕೊಂಡರೆ ವಾರಸುದಾರರ ಮೇಲೂ ಜಾರಿ ಮಾಡಬಹುದು. ಆದರೆ ವಾರಸುದಾರರ ಹೊಣೆ ತೀರಿಕೊಂಡವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ, ಅವರ ಸ್ವಂತ ದುಡಿಮೆಯ ಹಣಕ್ಕೆ ಕೈಹಾಕುವಂತಿಲ್ಲ.

ಕೋರ್ಟ್ ತೀರ್ಪು ನೇರವಾಗಿ ಸಿಬಿಲ್‌ಗೆ ಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ನಮ್ಮ ದೇಶದಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಿವೆ. ಇವು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯಡಿ ಕೆಲಸ ಮಾಡುತ್ತವೆ. ಇವುಗಳಿಗೆ ಮಾಹಿತಿ ಕೊಡುವುದು ಸಾಲ ಕೊಟ್ಟ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು, ಕೋರ್ಟಲ್ಲ. ಬ್ಯಾಂಕು ದಾವೆ ಹೂಡಿದರೆ ವರದಿಯಲ್ಲಿ ‘ಸೂಟ್ ಫೈಲ್ಡ್’ ಎಂದು ಬರುತ್ತದೆ, ಸಾಲವನ್ನು ಪುಸ್ತಕದಿಂದ ತೆಗೆದರೆ ‘ರಿಟನ್ ಆಫ್’ ಎಂದು ಬರುತ್ತದೆ, ಕಡಿಮೆಗೆ ಮುಗಿಸಿಕೊಂಡರೆ ‘ಸೆಟಲ್ಡ್’. ಒಂದು ಕೋಟಿ ರೂಪಾಯಿ ಮತ್ತು ಮೇಲ್ಪಟ್ಟ ಬಾಕಿಗೆ ದಾವೆ ಹೂಡಿದ್ದರೆ, ಉದ್ದೇಶಪೂರ್ವಕ ಸುಸ್ತಿದಾರರಾದರೆ 25 ಲಕ್ಷ ಮತ್ತು ಮೇಲ್ಪಟ್ಟ ಬಾಕಿಗೆ ದಾವೆ ಹೂಡಿದ್ದರೆ, ಆ ಹೆಸರುಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು.

‘ರಿಟನ್ ಆಫ್’ ಅಂದರೆ ಮನ್ನಾ ಎಂದು ತಿಳಿದು ನಿಶ್ಚಿಂತರಾದವರು ಬಹಳ. ಬ್ಯಾಂಕು ತನ್ನ ಲೆಕ್ಕಪತ್ರದಲ್ಲಿ ಮಾಡಿಕೊಳ್ಳುವ ಹೊಂದಾಣಿಕೆ ಅದು. ಅದರಿಂದ ಡಿಕ್ರಿಗೆ ಏನೂ ಆಗುವುದಿಲ್ಲ, ವಸೂಲಿಯ ಹಕ್ಕೂ ಹೋಗುವುದಿಲ್ಲ.

ಪರಿಚಯಸ್ಥರ ಕೈಸಾಲ, ಅಂಗಡಿಯ ಬಾಕಿ, ಕಂಟ್ರಾಕ್ಟ್ ಹಣ ಇಂಥ ಖಾಸಗಿ ಡಿಕ್ರಿ ಸಿಬಿಲ್ ವರದಿಯಲ್ಲಿ ಕಾಣುವುದಿಲ್ಲ. ಆದರೂ ಅದು ಗೃಹಸಾಲಕ್ಕೆ ಅಡ್ಡ ಬರುತ್ತದೆ. ಬ್ಯಾಂಕಿನ ಪ್ಯಾನಲ್ ವಕೀಲರು ಕೋರ್ಟ್ ಪ್ರಕರಣಗಳ ವಿವರ ಸಿಗುವ ಇ-ಕೋರ್ಟ್ಸ್ ತಾಣದಲ್ಲಿ ಅರ್ಜಿದಾರರ ಹೆಸರು ಹಾಕಿ ನೋಡುತ್ತಾರೆ, ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಋಣಭಾರ ಪತ್ರ ತೆಗೆಸುತ್ತಾರೆ. ಜಮೀನಾಗಿದ್ದರೆ ಪಹಣಿಯ 11ನೇ ಕಾಲಂ ನೋಡುತ್ತಾರೆ. ಅಲ್ಲಿ ಕೋರ್ಟ್ ಜಪ್ತಿ ದಾಖಲಾಗಿದ್ದರೆ ಸ್ಕೋರ್ 800 ಇದ್ದರೂ ಕಡತ ವಾಪಸ್ ಬರುತ್ತದೆ.

ಡಿಕ್ರಿ ಇದೆ ಎಂದು ಗೊತ್ತಾದ ತಕ್ಷಣ ಡಿಕ್ರಿದಾರನ ಹತ್ತಿರ ಓಡುವ ಬದಲು ಮೊದಲು ಕಡತ ನೋಡಿ. ಇ-ಕೋರ್ಟ್ಸ್ ತಾಣ ಅಥವಾ ಆ್ಯಪ್‌ನಲ್ಲಿ ಜಿಲ್ಲೆ ಆಯ್ದುಕೊಂಡು ನಿಮ್ಮ ಹೆಸರಿನಿಂದ ಹುಡುಕಿ. ಹೆಸರಿನ ಕಾಗುಣಿತ ಎರಡು ಮೂರು ಬಗೆಯಲ್ಲಿ ಇರಬಹುದು, ಎಲ್ಲ ಬಗೆಯಲ್ಲೂ ಹಾಕಿ ನೋಡಬೇಕು. ಮುಗಿದ ಪ್ರಕರಣಗಳನ್ನೂ ಸೇರಿಸಿ ಹುಡುಕಬೇಕು, ಏಕೆಂದರೆ ಮೂಲ ದಾವೆ ‘ವಿಲೇವಾರಿ’ ಎಂದೇ ತೋರಿಸುತ್ತದೆ. ಪ್ರತಿ ಪ್ರಕರಣಕ್ಕೂ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಸಿಕ್ಕಿದರೆ ಮುಂದಿನ ದಾರಿ ಸುಲಭ. ಮೂಲ ದಾವೆಯ ಸಂಖ್ಯೆ ಒಂದು, ಅಮಲ್ಜಾರಿಯದು ಇನ್ನೊಂದು, ಎರಡನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ನಕಲು ಶಾಖೆಯಲ್ಲಿ ಅರ್ಜಿ ಹಾಕಿ ತೀರ್ಪು, ಡಿಕ್ರಿ ಮತ್ತು ಅಮಲ್ಜಾರಿ ಅರ್ಜಿ ಮೂರರ ದೃಢೀಕೃತ ನಕಲು ತೆಗೆದುಕೊಳ್ಳಿ. ಅಸಲು ಎಷ್ಟು, ಬಡ್ಡಿ ಯಾವ ದಿನದಿಂದ, ಎಷ್ಟು ದರ, ಖರ್ಚು ಎಷ್ಟು ಎಂಬುದೆಲ್ಲ ಡಿಕ್ರಿಯಲ್ಲಿ ಇರುತ್ತದೆ. ಬಾಯಿಮಾತಿನಲ್ಲಿ ಬರುವ ಮೊತ್ತಕ್ಕೂ ಡಿಕ್ರಿಯ ಮೊತ್ತಕ್ಕೂ ಸಾವಿರಾರು ರೂಪಾಯಿ ವ್ಯತ್ಯಾಸ ಇರುವುದು ಸಾಮಾನ್ಯ. ಡಿಕ್ರಿಯ ನಂತರದ ಬಡ್ಡಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 34ನೇ ಕಲಂ ಮಿತಿ ಹಾಕಿದೆ. ಡಿಕ್ರಿಯ ದಿನದಿಂದ ಮುಂದಕ್ಕೆ ಅಸಲಿನ ಮೇಲೆ ವರ್ಷಕ್ಕೆ ಶೇ 6ಕ್ಕಿಂತ ಹೆಚ್ಚಿಲ್ಲ. ವ್ಯಾಪಾರದ ಸಾಲವಾದರೆ ಮಾತ್ರ ಕರಾರಿನ ದರದವರೆಗೆ ಹೋಗಬಹುದು. ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಲೆಕ್ಕ ಡಿಕ್ರಿ ಆದ ಮೇಲೆ ನಡೆಯುವುದಿಲ್ಲ.

ಸಮನ್ಸೇ ಬಂದಿರಲಿಲ್ಲ, ತಿಳಿಯದೆಯೇ ಏಕಪಕ್ಷೀಯ ತೀರ್ಪಾಗಿದೆ ಎನ್ನುವವರಿಗೆ ಅದೇ ಸಂಹಿತೆಯ 9ನೇ ಆದೇಶದ 13ನೇ ನಿಯಮ ಇದೆ. ಡಿಕ್ರಿಯ ದಿನದಿಂದ 30 ದಿನ, ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ 30 ದಿನ. ಬದಲಿ ಜಾರಿಗೆ ಕೋರ್ಟ್ ಆದೇಶಿಸಿದ ಮೇಲೆ ಬಾಗಿಲಿಗೆ ಅಂಟಿಸಿದ್ದು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟದ್ದು ಈ ಕಾಲಮಿತಿಯ ಲೆಕ್ಕಕ್ಕೆ ಸರಿಯಾದ ಜಾರಿ ಅಲ್ಲ ಎಂದು ಕಾಲಮಿತಿ ಕಾಯ್ದೆಯ 123ನೇ ವಿಧಿಯೇ ಹೇಳುತ್ತದೆ. ಇದನ್ನು ತಿಳಿಯದೆ ಹಕ್ಕು ಕಳೆದುಕೊಂಡವರಿದ್ದಾರೆ. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ಜಪ್ತಿ ನಿಲ್ಲುವುದಿಲ್ಲ, ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಬೇಕು. ಕೋರ್ಟ್ ಖರ್ಚು ಅಥವಾ ಠೇವಣಿಯ ಷರತ್ತು ಹಾಕಬಹುದು. ಸಾಲ ನಿಜವಾಗಿದ್ದು, ರಕ್ಷಣೆ ಹೇಳಲು ಏನೂ ಇಲ್ಲದಿದ್ದರೆ ಈ ದಾರಿ ಹಿಡಿಯಬೇಡಿ. ಖರ್ಚು ಬೆಳೆಯುತ್ತದೆ, ಬಡ್ಡಿಯೂ ಬೆಳೆಯುತ್ತದೆ.

ಜಪ್ತಿ ಮಾಡುವ ಕೋರ್ಟ್ ಸಿಬ್ಬಂದಿಯಾದ ಅಮೀನರು ಬಂದರೆ ಏನೇನು ಒಯ್ಯಬಹುದು ಎಂಬ ಹೆದರಿಕೆ ಎಲ್ಲರಿಗೂ ಇದೆ. ಡಿಕ್ರಿಯಾಗಿ ಎರಡು ವರ್ಷದೊಳಗೆ ಅಮಲ್ಜಾರಿ ಹಾಕಿದರೆ ಮೊದಲೇ ನೋಟಿಸ್ ಕೊಡಬೇಕೆಂಬ ಕಡ್ಡಾಯ ಇಲ್ಲ. ಹೀಗಾಗಿ ಕೆಲವರಿಗೆ ಜಪ್ತಿ ವಾರಂಟ್ ಬಂದಾಗಲೇ ವಿಷಯ ತಿಳಿಯುತ್ತದೆ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಕೆಲವನ್ನು ಮುಟ್ಟಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ತಾಳಿಯಂತೆ ಸಂಪ್ರದಾಯದ ಪ್ರಕಾರ ಹೆಣ್ಣುಮಕ್ಕಳು ತೆಗೆಯಬಾರದ ಒಡವೆ, ಕಸುಬಿನ ಉಪಕರಣ, ರೈತನ ನೇಗಿಲು-ಎತ್ತು-ಬಿತ್ತನೆ ಬೀಜ, ರೈತ ತಾನೇ ವಾಸವಿರುವ ಮನೆ, ಭವಿಷ್ಯ ನಿಧಿ, ಸರ್ಕಾರಿ ಪಿಂಚಣಿ, ಜೀವವಿಮೆಯ ಹಣ. ಮನೆಯನ್ನೇ ಅಡವಿಟ್ಟಿದ್ದರೆ ಆ ಅಡಮಾನ ಡಿಕ್ರಿಗೆ ಈ ರಕ್ಷಣೆ ಇಲ್ಲ. ಮುಟ್ಟಬಾರದ್ದನ್ನು ಜಪ್ತಿ ಮಾಡಿದರೆ ಜಗಳ ಆಡಬೇಡಿ, ಅಮೀನರನ್ನು ತಡೆಯಲೂ ಬೇಡಿ. ಅಮಲ್ಜಾರಿ ಕೋರ್ಟಿನಲ್ಲಿ ತಕ್ಷಣ ಆಕ್ಷೇಪಣೆ ಹಾಕಿ.

ಸಂಬಳದ ಲೆಕ್ಕ ಹೀಗಿದೆ. ಮೊದಲ 1,000 ರೂಪಾಯಿ ಪೂರ್ತಿ ಬಿಡಬೇಕು, ಉಳಿದುದರಲ್ಲಿ ಮೂರನೇ ಎರಡು ಭಾಗ ಬಿಡಬೇಕು. ಲೆಕ್ಕಕ್ಕೆ ಬರುವ ಸಂಬಳ 31,000 ಇದ್ದರೆ, 1,000 ತೆಗೆದ ಮೇಲೆ 30,000, ಅದರಲ್ಲಿ 20,000 ನಿಮ್ಮದು, ಜಪ್ತಿಗೆ ಸಿಗುವುದು ತಿಂಗಳಿಗೆ 10,000. ಒಂದೇ ಡಿಕ್ರಿಗೆ ಹೀಗೆ ಒಟ್ಟು 24 ತಿಂಗಳು ಕಡಿತವಾದರೆ ಆ ಡಿಕ್ರಿಯ ಮಟ್ಟಿಗೆ ಸಂಬಳ ಜಪ್ತಿ ಅಲ್ಲಿಗೆ ಮುಗಿಯಿತು. ಸಂಬಳ ಬಟವಾಡೆ ಮಾಡುವವರು ಇದನ್ನು ಗಮನಿಸದೆ 25ನೇ ತಿಂಗಳೂ ಕಡಿತ ಮಾಡುವುದುಂಟು. ಕಡಿತದ ಪಟ್ಟಿ ಇಟ್ಟುಕೊಂಡವರು ಮಾತ್ರ ಅದನ್ನು ನಿಲ್ಲಿಸಬಲ್ಲರು. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ, ಅಲ್ಲಿ ಮೂರನೇ ಒಂದು ಭಾಗ ಮಾತ್ರ ಬಿಡುತ್ತಾರೆ.

ಜೈಲಿನ ವಿಷಯ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಗಂಡಸರನ್ನೂ ಬಡತನದಿಂದ ಕಟ್ಟಲಾಗದಿದ್ದ ಮಾತ್ರಕ್ಕೆ ಸಿವಿಲ್ ಜೈಲಿಗೆ ಕಳಿಸುವಂತಿಲ್ಲ, ಶಕ್ತಿಯಿದ್ದೂ ದುರುದ್ದೇಶದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ಕಂಡುಬರಬೇಕು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಬ್ಯಾಂಕ್ ಆಫ್ ಕೊಚ್ಚಿನ್ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ನೋಟಿಸ್ ಬಂದಾಗ ಗೈರಾಗಬೇಡಿ. ಆಸ್ತಿ ವಿವರದ ಪ್ರಮಾಣಪತ್ರ ಕೊಡಿ ಎಂದು ಕೋರ್ಟ್ ಆದೇಶಿಸಿದಾಗ ಕೊಡದಿದ್ದರೆ ಅದಕ್ಕೇ ಮೂರು ತಿಂಗಳವರೆಗೆ ಸಿವಿಲ್ ಜೈಲು ಆಗಬಹುದು. ಜೈಲಿಗೆ ಹೋಗಿ ಬಂದರೂ ಸಾಲ ತೀರುವುದಿಲ್ಲ ಎಂಬುದನ್ನು 58ನೇ ಕಲಂ ಸ್ಪಷ್ಟವಾಗಿ ಹೇಳಿದೆ.

ಆಸ್ತಿ ಹರಾಜಾಗಿಯೇ ಹೋದರೂ ಒಂದು ಬಾಗಿಲು ತೆರೆದಿರುತ್ತದೆ. ಹರಾಜಿನ ದಿನದಿಂದ 60 ದಿನದೊಳಗೆ, ಹರಾಜು ಪ್ರಕಟಣೆಯಲ್ಲಿ ನಮೂದಿಸಿದ ಬಾಕಿ ಮತ್ತು ಕೊಂಡವರಿಗೆ ಹರಾಜು ಮೊತ್ತದ ಶೇ 5, ಇವೆರಡನ್ನೂ ಕೋರ್ಟಿನಲ್ಲಿ ಠೇವಣಿ ಇಟ್ಟರೆ 21ನೇ ಆದೇಶದ 89ನೇ ನಿಯಮದಡಿ ಹರಾಜು ರದ್ದಾಗುತ್ತದೆ. ಮೊತ್ತದಲ್ಲಿ ನೂರು ರೂಪಾಯಿ ಕಡಿಮೆಯಾದರೂ ಆಗುವುದಿಲ್ಲ. ಹರಾಜಿನಲ್ಲಿ ಅಕ್ರಮ ನಡೆದಿದೆ ಎಂಬ 90ನೇ ನಿಯಮದ ಅರ್ಜಿಯನ್ನೂ ಜೊತೆಯಲ್ಲೇ ಹಾಕಿದ್ದರೆ, ಅದನ್ನು ಹಿಂದಕ್ಕೆ ಪಡೆಯದೆ 89ನೇ ನಿಯಮದ ಅರ್ಜಿಯನ್ನು ಮುಂದುವರಿಸಲು ಬರುವುದಿಲ್ಲ.

ಇನ್ನು ಹಣ ಕಟ್ಟುವ ಬಗೆ. ಇಡೀ ವಿಷಯದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. 21ನೇ ಆದೇಶದ 1ನೇ ನಿಯಮ ಮೂರು ದಾರಿ ಕೊಡುತ್ತದೆ: ಅಮಲ್ಜಾರಿ ಕೋರ್ಟಿನಲ್ಲಿ ಠೇವಣಿ ಇಡುವುದು, ಕೋರ್ಟಿನ ಹೊರಗೆ ಡಿಕ್ರಿದಾರನಿಗೆ ಬ್ಯಾಂಕ್ ಮೂಲಕ, ಅಂಚೆ ಮನಿಯಾರ್ಡರ್ ಮೂಲಕ ಅಥವಾ ಲಿಖಿತ ಸಾಕ್ಷ್ಯವಿರುವ ಬೇರೆ ರೀತಿಯಲ್ಲಿ ಕೊಡುವುದು, ಇಲ್ಲವೇ ಡಿಕ್ರಿಯಲ್ಲಿ ಕೋರ್ಟ್ ಹೇಳಿದ ಹಾಗೆ ಕೊಡುವುದು. ಠೇವಣಿ ಇಟ್ಟು ಸುಮ್ಮನೆ ಕೂತರೆ ಬಡ್ಡಿ ನಿಲ್ಲುವುದಿಲ್ಲ. ಡಿಕ್ರಿದಾರನಿಗೆ ಠೇವಣಿಯ ನೋಟಿಸ್ ತಲುಪಬೇಕು, ಕಟ್ಟಿದ ಮೊತ್ತದ ಮೇಲಿನ ಬಡ್ಡಿ ನಿಲ್ಲುವುದು ಆ ದಿನದಿಂದ. ನೋಟಿಸನ್ನು ಕೋರ್ಟ್ ಮೂಲಕ ಅಥವಾ ಸ್ವೀಕೃತಿಯುಳ್ಳ ನೋಂದಾಯಿತ ಅಂಚೆಯಲ್ಲಿ ಕಳಿಸಬಹುದು, ಸ್ವೀಕೃತಿ ಚೀಟಿ ಕಡತಕ್ಕೆ ಸೇರಿಸಿ.

ಭಾಗಶಃ ಕಟ್ಟುವವರು ಈ ಲೆಕ್ಕ ನೋಡಿ. ಡಿಕ್ರಿಯ ಅಸಲು 3,00,000, ದಾವೆಯ ದಿನದಿಂದ ಶೇ 6 ಬಡ್ಡಿ, ಖರ್ಚು 20,000 ಎಂದುಕೊಳ್ಳಿ. ನಾಲ್ಕು ವರ್ಷಕ್ಕೆ ಬಡ್ಡಿ 72,000. ಈಗ ನೀವು 1,00,000 ಕಟ್ಟಿದಿರಿ. ಇನ್ನು 2,00,000 ಮಾತ್ರ ಉಳಿಯಿತು ಎಂದು ನೀವು ತಿಳಿಯುತ್ತೀರಿ. ಆದರೆ ಕೋರ್ಟಿನ ಲೆಕ್ಕದಲ್ಲಿ 72,000 ಬಡ್ಡಿಗೆ, 20,000 ಖರ್ಚಿಗೆ ಹೋಗಿ, ಅಸಲಿಗೆ ಜಮೆಯಾಗುವುದು 8,000. ಉಳಿದ ಅಸಲು 2,92,000. ಮೊದಲು ಬಡ್ಡಿ, ಆಮೇಲೆ ಖರ್ಚು, ಕೊನೆಗೆ ಅಸಲು ಎಂಬ ಈ ಕ್ರಮವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಗುರುಪ್ರೀತ್ ಸಿಂಗ್ ಪ್ರಕರಣದಲ್ಲಿ ವಿವರಿಸಿದೆ. ಅಸಲಿಗೇ ಮೊದಲು ಜಮೆಯಾಗಬೇಕು ಎಂದಿದ್ದರೆ ಡಿಕ್ರಿದಾರನಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಪಡೆದ ಮೇಲೆ ಹಣ ಕೊಡಿ.

ಕೋರ್ಟಿನ ಹೊರಗೆ ಕೊಟ್ಟ ಹಣವೇ ದೊಡ್ಡ ತೊಡಕು. ಅದೇ ಆದೇಶದ 2ನೇ ನಿಯಮದ ಪ್ರಕಾರ, ಹೊರಗೆ ಕೊಟ್ಟದ್ದನ್ನು ಡಿಕ್ರಿದಾರ ಕೋರ್ಟಿಗೆ ತಿಳಿಸಿ ದೃಢೀಕರಿಸಬೇಕು. ಅವನು ತಿಳಿಸದಿದ್ದರೆ ಸಾಲಗಾರನೇ ಅರ್ಜಿ ಹಾಕಿ ದಾಖಲಿಸಿಕೊಳ್ಳಬಹುದು. ಆ ಅರ್ಜಿಗೆ ಗಡುವು ಹಣ ಕೊಟ್ಟ ದಿನದಿಂದ ಬರೀ 30 ದಿನ, ಕಾಲಮಿತಿ ಕಾಯ್ದೆಯ 125ನೇ ವಿಧಿ. ಹೀಗೆ ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟ್ ಪರಿಗಣಿಸುವಂತೆಯೇ ಇಲ್ಲ. ಕೈಯಲ್ಲಿ ರಸೀದಿ ಇರಲಿ, ಊರ ಹಿರಿಯರು ಸಾಕ್ಷಿ ಇರಲಿ, ನ್ಯಾಯಾಧೀಶರಿಗೆ ನಿಮ್ಮ ಮಾತು ನಿಜವೆಂದು ಅನ್ನಿಸಲಿ, ನಿಯಮ ಅವರ ಕೈ ಕಟ್ಟಿಹಾಕಿದೆ. ಮೂರು ಲಕ್ಷ ಎಣಿಸಿಕೊಟ್ಟು, ಬಿಳಿ ಹಾಳೆಯ ಮೇಲೆ ‘ಸಾಲ ಚುಕ್ತಾ’ ಎಂದು ಬರೆಸಿಕೊಂಡು ಮನೆಗೆ ಹೋದವರು ಐದು ವರ್ಷದ ಮೇಲೆ ಅದೇ ಡಿಕ್ರಿಗೆ ಜಪ್ತಿ ಎದುರಿಸುವುದು ಇದರಿಂದಲೇ. ಡಿಕ್ರಿದಾರ ಬದುಕಿದ್ದಾಗ ಕೊಟ್ಟ ಮಾತಿಗೆ ಅವನ ಮಕ್ಕಳು ಬದ್ಧರಾಗಿರಬೇಕೆಂದಿಲ್ಲ.

30 ದಿನ ಕಳೆದುಹೋಗಿದ್ದರೆ ದಾರಿ ಪೂರ್ತಿ ಮುಚ್ಚಿಲ್ಲ. ಆ ಗಡುವು ಸಾಲಗಾರನ ಅರ್ಜಿಗೆ ಮಾತ್ರ. ಡಿಕ್ರಿದಾರ ಯಾವಾಗ ಬೇಕಾದರೂ ಬಂದು ದೃಢೀಕರಿಸಬಹುದು. ಸಂಬಂಧ ಕೆಡುವ ಮೊದಲೇ ಅವನನ್ನು ಕೋರ್ಟಿಗೆ ಕರೆತಂದು ಪೂರ್ಣ ತೃಪ್ತಿ ಮೆಮೊ, ಅಂದರೆ ಡಿಕ್ರಿ ಪೂರ್ತಿ ತೀರಿದೆ ಎಂಬ ಲಿಖಿತ ಹೇಳಿಕೆ, ಹಾಕಿಸಿಬಿಡಿ. ಒಪ್ಪದಿದ್ದರೆ ಉಳಿಯುವುದು ಎರಡು ಸಲ ವಸೂಲಾದ ಹಣಕ್ಕೆ ಬೇರೆ ದಾವೆ, ಅದು ವರ್ಷಗಳ ಕೆಲಸ.

ಮೆಮೊದಲ್ಲಿ ಏನಿರಬೇಕು ಎಂಬುದನ್ನೂ ಹೇಳಬೇಕು, ಏಕೆಂದರೆ ಅವಸರದಲ್ಲಿ ಬರೆದ ಮೆಮೊಗಳಿಂದಲೂ ತೊಂದರೆ ಆಗುತ್ತದೆ. ಮೂಲ ದಾವೆಯ ಸಂಖ್ಯೆ, ಅಮಲ್ಜಾರಿ ಸಂಖ್ಯೆ, ಡಿಕ್ರಿಯ ದಿನಾಂಕ, ಕಟ್ಟಿದ ಮೊತ್ತ, ಕಟ್ಟಿದ ದಿನಾಂಕ, ಡಿಡಿ ಅಥವಾ ಬ್ಯಾಂಕ್ ವರ್ಗಾವಣೆಯ ಯುಟಿಆರ್ ಸಂಖ್ಯೆ ಬರೆಯಬೇಕು. ‘ಅಸಲು, ಬಡ್ಡಿ, ಖರ್ಚು ಎಲ್ಲ ಸೇರಿ ಡಿಕ್ರಿ ಪೂರ್ಣವಾಗಿ ತೀರಿದೆ, ಇನ್ನೇನೂ ಬಾಕಿ ಇಲ್ಲ’ ಎಂಬ ಸಾಲು ಇರಲೇಬೇಕು. ಬರೀ ‘ಹಣ ಸಂದಿದೆ’ ಎಂದರೆ ಎಷ್ಟು, ಯಾವುದಕ್ಕೆ ಎಂಬ ತಕರಾರು ಉಳಿಯುತ್ತದೆ. ಜಪ್ತಿ ಆಗಿದ್ದರೆ ಅದನ್ನು ತೆರವುಗೊಳಿಸಲು ಡಿಕ್ರಿದಾರನ ಅಭ್ಯಂತರ ಇಲ್ಲ ಎಂಬುದನ್ನೂ ಸೇರಿಸಿ, ಆಸ್ತಿಯ ಸರ್ವೆ ನಂಬರ್ ಅಥವಾ ಖಾತೆ ನಂಬರ್ ಸಹಿತ. ಡಿಕ್ರಿದಾರನೂ ಅವನ ವಕೀಲರೂ ಸಹಿ ಮಾಡಬೇಕು. ಅಮಲ್ಜಾರಿ ಪ್ರಕರಣ ನಡೆಯುತ್ತಿಲ್ಲದಿದ್ದರೂ ಡಿಕ್ರಿ ಕೊಟ್ಟ ಕೋರ್ಟಿನಲ್ಲಿ ಇದನ್ನು ದಾಖಲಿಸಬಹುದು. ‘ಅಮಲ್ಜಾರಿ ಹಾಕಿಲ್ಲವಲ್ಲ, ಯಾಕೆ ಬೇಕು’ ಎಂದು ಬಿಟ್ಟವರೇ ಆಮೇಲೆ ಪರದಾಡುತ್ತಾರೆ. ಆರ್ಡರ್ ಶೀಟಿನಲ್ಲಿ ‘ಪೂರ್ಣ ತೃಪ್ತಿ ದಾಖಲಿಸಿ ಮುಕ್ತಾಯಗೊಳಿಸಿದೆ’ ಎಂದು ಬಂದಿದೆಯೇ, ಇಲ್ಲವೇ ‘ಒತ್ತಾಯಿಸದ ಕಾರಣ ವಜಾ’ ಎಂದಿದೆಯೇ ಎಂದು ನೋಡಿ. ಎರಡನೆಯದಾಗಿದ್ದರೆ ಡಿಕ್ರಿ ಇನ್ನೂ ಜೀವಂತ.

ಒಂದೇ ಸಲ ಕಟ್ಟಲಾಗದವರಿಗೆ ಕಂತು ಇದೆ. ಡಿಕ್ರಿ ಆದ ಮೇಲೆ ಕಂತಿಗೆ ಡಿಕ್ರಿದಾರನ ಒಪ್ಪಿಗೆ ಬೇಕು, ಅದಕ್ಕೆ ಲೋಕ ಅದಾಲತ್ ಒಳ್ಳೆಯ ಜಾಗ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಸಹಿ ಹಾಕುವ ಮೊದಲು ‘ಒಂದು ಕಂತು ತಪ್ಪಿದರೆ ಪೂರ್ತಿ ಮೂಲ ಮೊತ್ತ ವಸೂಲಿ’ ಎಂಬ ಷರತ್ತು ಇದೆಯೇ ಎಂದು ಓದಿ. ಇದ್ದರೆ, ಕನಿಷ್ಠ ಒಂದು ಕಂತಿಗಾದರೂ 15 ದಿನದ ರಿಯಾಯಿತಿ ಕೇಳಿ ಬರೆಸಿ. ವಕೀಲರಿಗೆ ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100 ಸಂಖ್ಯೆಗೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿ ನೋಡದೆ ಉಚಿತ ನೆರವು ಸಿಗುತ್ತದೆ.

ಡಿಕ್ರಿದಾರ ಬ್ಯಾಂಕೇ ಆಗಿದ್ದರೆ ಇನ್ನೂ ಎರಡು ಎಚ್ಚರಿಕೆ ಬೇಕು. ರಿಸರ್ವ್ ಬ್ಯಾಂಕ್ 2023ರ ಜೂನ್ 8ರಂದು ರಾಜಿ ಇತ್ಯರ್ಥಗಳ ಬಗ್ಗೆ ಸುತ್ತೋಲೆ ಹೊರಡಿಸಿತು. ವಸೂಲಿ ಪ್ರಕರಣ ನ್ಯಾಯಾಲಯದ ಮುಂದೆ ಬಾಕಿ ಇದ್ದರೆ, ಬ್ಯಾಂಕಿನ ಜೊತೆಗಿನ ರಾಜಿ ಅಲ್ಲಿಂದ ಕನ್ಸೆಂಟ್ ಡಿಕ್ರಿ (ಎರಡೂ ಕಡೆಯವರ ಒಪ್ಪಿಗೆಯ ಡಿಕ್ರಿ) ಪಡೆಯುವುದಕ್ಕೆ ಒಳಪಟ್ಟಿರಬೇಕು ಎಂದು ಅದರಲ್ಲಿದೆ. ಶಾಖೆಯಲ್ಲಿ ಕೊಟ್ಟ ಒಂದು ಪತ್ರ ನೆಚ್ಚಿಕೊಂಡು ಬರಬೇಡಿ, ಈ ಸುತ್ತೋಲೆ ತೋರಿಸಿ ಕೋರ್ಟಿಗೆ ಜಂಟಿ ಮೆಮೊ ಕೇಳಿ. ಹೀಗೆ ಕಡಿಮೆಗೆ ಮುಗಿಸಿಕೊಂಡವರಿಗೆ ಅದೇ ಬ್ಯಾಂಕು ಮತ್ತೆ ಸಾಲ ಕೊಡಲು, ಕೃಷಿ ಸಾಲ ಬಿಟ್ಟು ಉಳಿದವಕ್ಕೆ, ಕನಿಷ್ಠ 12 ತಿಂಗಳು ಕಾಯಬೇಕು ಎಂಬುದೂ ಅದರಲ್ಲೇ ಇದೆ. ವರದಿಯಲ್ಲಿ ಅದು ‘ಸೆಟಲ್ಡ್’ ಎಂದೇ ಬರುತ್ತದೆ, ‘ಕ್ಲೋಸ್ಡ್’ ಎಂದಲ್ಲ. ಮುಂದೆ ಗೃಹಸಾಲ ಬೇಕೇಬೇಕು, ಕೈಯಲ್ಲಿ ಹಣವೂ ಇದೆ ಎನ್ನುವವರು ರಿಯಾಯಿತಿ ಬಿಟ್ಟು ಪೂರ್ತಿ ಕಟ್ಟುವುದೇ ಲೇಸು ಎನ್ನುವುದು ನನ್ನ ಅಭಿಪ್ರಾಯ. ಕೈಯಲ್ಲಿ ಇಲ್ಲದವರು ಸ್ಕೋರ್ ನೋಡಿ ಇನ್ನೊಂದು ಸಾಲ ಮಾಡಿ ಇದನ್ನು ತೀರಿಸುವ ಗೋಜಿಗೆ ಹೋಗಬೇಡಿ.

ಎರಡನೆಯದು, ಸಾಲ ಈಗ ಯಾರ ಕೈಯಲ್ಲಿದೆ ಎಂಬುದು. ಬ್ಯಾಂಕುಗಳು ಹಳೆಯ ಸಾಲವನ್ನು ಆಸ್ತಿ ಪುನರ್ನಿರ್ಮಾಣ ಕಂಪನಿಗಳಿಗೆ ಮಾರುತ್ತವೆ. ಫೋನ್ ಮಾಡುವವರು ಆ ಕಂಪನಿಯವರೋ, ಅದರ ಏಜೆಂಟರೋ, ಮೂರನೆಯವರೋ ಗೊತ್ತಾಗುವುದಿಲ್ಲ. ಹಸ್ತಾಂತರ ಪತ್ರದ ನಕಲು ಕೇಳಿ, ಕೋರ್ಟ್ ದಾಖಲೆಯಲ್ಲಿ ಡಿಕ್ರಿದಾರರ ಹೆಸರು ಬದಲಾಗಿದೆಯೇ ನೋಡಿ. ಬದಲಾಗಿಲ್ಲದಿದ್ದರೆ ಹಣವನ್ನು ಕೋರ್ಟಿನಲ್ಲೇ ಠೇವಣಿ ಇಡುವುದು ಕ್ಷೇಮ. ಕ್ರೆಡಿಟ್ ವರದಿಯಲ್ಲೂ ಒಂದೇ ಸಾಲ ಹಳೆಯ ಬ್ಯಾಂಕಿನ ಹೆಸರಲ್ಲೊಮ್ಮೆ, ಕಂಪನಿಯ ಹೆಸರಲ್ಲೊಮ್ಮೆ ಕಾಣಬಹುದು, ಎರಡನ್ನೂ ಸರಿಪಡಿಸಬೇಕಾಗುತ್ತದೆ.

ಕೋರ್ಟಿನಲ್ಲಿ ಮುಗಿದ ಮೇಲೆ ಆದೇಶದ ದೃಢೀಕೃತ ನಕಲು ಕನಿಷ್ಠ ಮೂರು ತೆಗೆಸಿ. ಒಂದು ಉಪನೋಂದಣಾಧಿಕಾರಿಗೆ, ಒಂದು ಪಹಣಿಯ ನಮೂದು ತೆಗೆಸಲು ತಾಲ್ಲೂಕು ಕಚೇರಿಗೆ, ಒಂದು ನಿಮ್ಮ ಪೆಟ್ಟಿಗೆಗೆ. ಜಪ್ತಿ ತೆರವಾದ ಆದೇಶ ಕೋರ್ಟಿನಲ್ಲಿ ಇದ್ದ ಮಾತ್ರಕ್ಕೆ ಪಹಣಿ ತಾನಾಗಿ ಬದಲಾಗುತ್ತದೆ ಎಂದು ನಂಬಿಕೊಂಡು ಕೂರಬೇಡಿ. ತಿಂಗಳ ನಂತರ ಹೊಸ ಪಹಣಿ, ಹೊಸ ಋಣಭಾರ ಪತ್ರ ತೆಗೆಸಿ ನೋಡಿ. ಸಾಲ ತೀರಿದ ಮೇಲೆ ಅಡವಿಟ್ಟ ಮೂಲಪತ್ರಗಳನ್ನು ಬ್ಯಾಂಕು 30 ದಿನದೊಳಗೆ ಹಿಂದಿರುಗಿಸಬೇಕು, ತಡವಾದರೆ ವೈಯಕ್ತಿಕ ಸಾಲಗಾರರಿಗೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಆಮೇಲೆ ಕ್ರೆಡಿಟ್ ವರದಿ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತೆಗೆಯಿರಿ, ಒಂದರಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ಹಾಗೇ ಇರುತ್ತದೆ. ಖಾತೆಯ ಸ್ಥಿತಿ, ಬಾಕಿ ಮೊತ್ತ, ‘ಸೂಟ್ ಫೈಲ್ಡ್’ ಕಾಲಂ, ಮುಕ್ತಾಯದ ದಿನಾಂಕ ಈ ನಾಲ್ಕನ್ನು ಬ್ಯಾಂಕಿನ ಪತ್ರದ ಪಕ್ಕ ಇಟ್ಟು ನೋಡಿ. ತಪ್ಪಿದ್ದರೆ ಕಂಪನಿಯ ತಾಣದಲ್ಲಿ ತಕರಾರು ದಾಖಲಿಸಿ, ಬ್ಯಾಂಕಿಗೂ ಬರಹದಲ್ಲಿ ದೂರು ಕೊಡಿ. ಬ್ಯಾಂಕಿನ ಒಪ್ಪಿಗೆಯಿಲ್ಲದೆ ಕಂಪನಿ ತಾನಾಗಿ ಏನನ್ನೂ ತಿದ್ದುವುದಿಲ್ಲ. 30 ದಿನದೊಳಗೆ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ಬ್ಯಾಂಕು 21 ದಿನದೊಳಗೆ ತಿದ್ದಿದ ಮಾಹಿತಿ ಕಳಿಸದಿದ್ದರೆ ಅದು ಬ್ಯಾಂಕಿನ ಹೊಣೆ, ಕಳಿಸಿಯೂ ಕಂಪನಿ ತಡಮಾಡಿದರೆ ಕಂಪನಿಯ ಹೊಣೆ. ಆಗಲೂ ಆಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು, ಶುಲ್ಕವಿಲ್ಲ, ವಕೀಲರೂ ಬೇಡ. ಏಳು ವರ್ಷ ಕಳೆದರೆ ಎಲ್ಲ ಅಳಿಸಿಹೋಗುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ನಿಯಮದಲ್ಲಿರುವುದು ಕನಿಷ್ಠ ಏಳು ವರ್ಷ ಮಾಹಿತಿ ಇಟ್ಟುಕೊಳ್ಳಬೇಕು ಎಂದು, ಏಳಕ್ಕೆ ಅಳಿಸಬೇಕು ಎಂದಲ್ಲ. ‘ಸಿಬಿಲ್ ಕ್ಲಿಯರ್ ಮಾಡಿಕೊಡುತ್ತೇವೆ’ ಎಂದು ಗೋಡೆಗೆ ಚೀಟಿ ಅಂಟಿಸುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಜವಾದ ನಮೂದನ್ನು ಅಳಿಸುವ ಶಕ್ತಿ ಅವರಿಗಿಲ್ಲ, ತಪ್ಪು ನಮೂದನ್ನು ನೀವೇ ಬಿಟ್ಟಿಯಾಗಿ ತಿದ್ದಿಸಬಹುದು.

ಜಾಮೀನು ಹಾಕಿದವರನ್ನು ಎಲ್ಲರೂ ಮರೆಯುತ್ತಾರೆ. ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇದೆ, ಮೊದಲು ಸಾಲಗಾರನ ಆಸ್ತಿಗೇ ಹೋಗಬೇಕೆಂಬ ನಿಯಮವಿಲ್ಲ. ಸಂಬಳದ ಚೀಟಿ ಇರುವವನ ಮೇಲೆ ಜಾರಿ ಸುಲಭ, ಹಾಗಾಗಿ ಸಾಲ ತೆಗೆದವನಿಗಿಂತ ಮೊದಲು ಜಾಮೀನು ಹಾಕಿದ ಮೇಷ್ಟರ ಸಂಬಳ ಕಡಿತವಾಗುತ್ತದೆ, ಅವರ ಕ್ರೆಡಿಟ್ ವರದಿಯಲ್ಲೂ ಆ ಸಾಲ ಕಾಣುತ್ತದೆ. ಕಟ್ಟಿದ ಜಾಮೀನುದಾರರಿಗೆ ಆ ಹಣವನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು ಕರಾರು ಕಾಯ್ದೆಯ 140 ಮತ್ತು 145ನೇ ಕಲಂಗಳಲ್ಲಿದೆ. ಹಾಗಾಗಿ ರಸೀದಿ ಜಾಮೀನುದಾರರ ಹೆಸರಿಗೇ ಇರಬೇಕು, ಮೆಮೊದಲ್ಲಿ ಯಾರು ಕಟ್ಟಿದರು ಎಂಬುದೂ ಬರಬೇಕು.

ಎರಡು ಬೇಡಿಕೆಗಳನ್ನು ನಿಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಮುಂದಿಡುತ್ತಿದ್ದೇನೆ. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ರಾಹುಲ್ ಷಾ ಪ್ರಕರಣದಲ್ಲಿ ಹೇಳಿದ ಮೇಲೆ ಜಾರಿಗೆ ವೇಗ ಕೊಡಬೇಕೆಂಬ ಒತ್ತು ಹೆಚ್ಚಿದೆ. ಜಾರಿಗೆ ಇರುವ ಈ ಅವಸರ ತೃಪ್ತಿ ದಾಖಲಿಸುವುದಕ್ಕೂ ಇರಲಿ. ಡಿಕ್ರಿಯ ನಕಲಿನ ಹಿಂಬದಿಯಲ್ಲೂ ಅಮಲ್ಜಾರಿ ನೋಟಿಸಿನ ಕೆಳಗೂ ‘ಕೋರ್ಟಿನ ಹೊರಗೆ ಹಣ ಕೊಟ್ಟರೆ 30 ದಿನದೊಳಗೆ ಕೋರ್ಟಿನಲ್ಲಿ ದಾಖಲಿಸಿ’ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಹೈಕೋರ್ಟ್ ಸೂಚಿಸಬೇಕು. ಬ್ಯಾಂಕುಗಳು ಹಣ ಪಡೆದ ಮೇಲೆ ಸಾಲಗಾರ ಅಲೆದು ಕೇಳುವವರೆಗೂ ಕಾಯದೆ, ತಮ್ಮ ಪ್ಯಾನಲ್ ವಕೀಲರ ಮೂಲಕ ತಾವೇ ತೃಪ್ತಿ ಮೆಮೊ ಹಾಕಿ, ಅದರ ನಕಲನ್ನು ಬಾಕಿಯಿಲ್ಲ ಪತ್ರದ ಜೊತೆಗೇ ಕೊಡಬೇಕು. ದಾವೆ ಹೂಡಲು ವಕೀಲರಿಗೆ ಶುಲ್ಕ ಕೊಡುವ ಬ್ಯಾಂಕು, ಅದೇ ಸಾಲ ತೀರಿದಾಗ ಒಂದು ಪುಟದ ಮೆಮೊಗೆ ಶುಲ್ಕವಿಲ್ಲ ಎನ್ನುವುದು ಸರಿಯಲ್ಲ.

ಇಂತಿ,
ಸಿವಿಲ್ ವ್ಯಾಜ್ಯಗಳ ವಕೀಲ,
ತುಮಕೂರು